ಒರೆಸಿಟ್ಟ ಗಾಜು

ಕೆನ್ನೆಯ ಜೀವಕೋಶ ತೋರಿಸಬೇಕಿದ್ದ ವಾರಿಜಾ ಟೀಚರ್ ಗಡಿಬಿಡಿಯಲ್ಲಿ ಕೆನ್ನೆ ಕೆರೆಯುವುದನ್ನೇ ಮರೆತಿದ್ದರು. ಅಟೆಂಡರ್ ಭರಮಪ್ಪ ಕೊಟ್ಟ ಖಾಲಿ ಗಾಜಿಗೆ ನೀಲಿ ಬಣ್ಣದ ಹನಿಯೊಂದನ್ನು ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟುಬಿಟ್ಟಿದ್ದರು. ಅದು ನೆನಪಾಗುವಷ್ಟರಲ್ಲಿ, ತಪಾಸಣೆಗೆ ಬಂದ ಸಾಹೇಬರು ಚಹಾ ಮುಗಿಸಿ ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟಾಗಿತ್ತು.



"ಭೇಷ್! ಜೀವಕೋಶ ಎಷ್ಟು ಚಂದ ಕಾಣ್ತಾವ! ಕೋಶಕೇಂದ್ರ ಸುದ್ದಾ ಕಾಣ್ತದ. ಯಾರ ಕೆನ್ನೀದು?"

ಟೀಚರ್ ಮೆಲ್ಲಗೆ ಭರಮಪ್ಪನ ಪಕ್ಕಕ್ಕೆ ಸರಿದರು.

"ಗಾಜಿಗೆ ಏನ್ ಹಚ್ಚಿದ್ರಿ?" ಎಂದು ಪಿಸುಗುಟ್ಟಿದರು.

ಭರಮಪ್ಪನಿಗೆ ಪಿಸುಮಾತು ಬರುತ್ತಿರಲಿಲ್ಲ.

"ನಳಕ್ಕ ನೀರ ಬಂದಿಲ್ರಿ ಮೇಡಂ. ಉಗುಳು ಹಚ್ಚಿ ಒರಸೀನ್ರಿ. ಮೊದಲ ಸಾಹೇಬ್ರ ಚಹಾದ ಕಪ್ಪು, ಆಮ್ಯಾಲೆ ಈ ಗಾಜು."