ದೇವರನ್ನು ಕಚ್ಚುವ ಹಲ್ಲು

ಜಪಾನಿನ ಬೆಟ್ಟದೂರೊಂದರಲ್ಲಿ, ಹಬ್ಬಕ್ಕೆ ದೇವರ ಮುಂದೆ ಕುಣಿಯುವ ಕಾಗುರಾ ಕುಣಿತದ ಅಭ್ಯಾಸದಲ್ಲಿ ತೊಕುಜಿ ಒಂದು ಸುತ್ತು ತಿರುಗಿದ್ದನೋ ಇಲ್ಲವೋ, ಬೆಟ್ಟದ ದೇವರ ಮುಖವಾಡ ಧೊಪ್ಪನೆ ಚಾಪೆಯ ಮೇಲೆ ಬಿತ್ತು. ಮುಖವಾಡ ಜಾರದಂತೆ ಹಲ್ಲಲ್ಲಿ ಹಿಡಿಯಲು ಅದರೊಳಗಿದ್ದ ಮರದ ಗೂಟವನ್ನು ಕಚ್ಚಿಕೊಂಡೇ ಅವನ ಕಟ್ಟಿಸಿದ ಹಲ್ಲುಗಳೂ ಜೊತೆಗೆ ಹೊರಬಂದಿದ್ದವು.

ಡೋಲು ಬಾರಿಸುತ್ತಿದ್ದ ಗಿಸುಕೆ ಬಿದ್ದು ಬಿದ್ದು ನಕ್ಕ. "ದೇವರು ನಿನ್ನ ಹಲ್ಲು ಕಿತ್ಕೊಂಡ ಕಣೋ! ಕಿವಿ ಹತ್ರ ಎರಡು ತೂತು ಕೊರೆದು ದಾರ ಕಟ್ಬಿಡೋಣ. ಎಂಜಲು ಗೂಟ ಬಾಯಿಗಿಡೋಕೆ ಹುಡುಗರೂ ಒಲ್ಲೆ ಅಂತಾರೆ."

"ತೂತಾ? ಮೊದ್ಲು ನಿನ್ನ ಕಿವಿಗೆ ಕೊರೀತೀನಿ."

"ಹಾಗಾದ್ರೆ ಹಬ್ಬಕ್ಕೆ ಕಚ್ಚಿ ಹಿಡ್ದು ತೋರ್ಸು. ಆಗ್ಲಿಲ್ವೋ, ತೂತು ಗ್ಯಾರಂಟಿ."

ತೊಕುಜಿ ಮುಖವಾಡವನ್ನು ಎತ್ತಿ ಎದೆಗವಚಿಕೊಂಡ. ಅಜ್ಜಂದಿರ ಕಾಲದ ಆ ಮುಖವಾಡಕ್ಕೆ ಯಾರೂ ಮೊಳೆ ತಾಗಿಸಿದವರಲ್ಲ. ಗೂಟದ ಮೇಲೆ ಎಲ್ಲಕ್ಕಿಂತ ಆಳವಾಗಿ ಉಳಿದಿದ್ದದ್ದು ತೀರಿಹೋದ ಅಪ್ಪನ ಹಲ್ಲಿನ ಗುರುತು. ತೊಕುಜಿಯ ಸ್ವಂತ ಹಲ್ಲುಗಳೂ ಆ ಗುರುತಿನಲ್ಲಿ ಎಂದೂ ಸರಿಯಾಗಿ ಕೂತಿರಲಿಲ್ಲ.

ಮರುದಿನವೇ ಮುಖವಾಡವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ, ಪೇಟೆಯ ಹಲ್ಲಿನ ಡಾಕ್ಟರಮ್ಮನ ಮುಂದೆ ಬಿಚ್ಚಿಟ್ಟ. "ಈ ಗುರುತಿಗೆ ಸರಿಯಾಗಿ ಕೂರೋ ಹಲ್ಲು ಮಾಡ್ಕೊಡಮ್ಮ."

ಅವಳು ದೀಪ ಹಿಡಿದು ನೋಡಿದಳು. "ಇಂಥ ಹಲ್ಲಲ್ಲಿ ಅನ್ನ ಅಗಿಯೋಕಾಗಲ್ಲ ತಾತ."

"ಗಂಜಿ ಕುಡೀತೀನಿ."

"ಮುಂದಿನ ಹಲ್ಲೊಂದು ಸೊಟ್ಟಗಿದೆ. ಅದನ್ನಾದ್ರೂ ನೇರ ಮಾಡ್ಲಾ?"

"ಗುರುತು ಹೇಗಿದ್ಯೋ ಹಾಗೇ ಇರ್ಲಿ."

ಹಬ್ಬದ ದಿನ ಗಿಸುಕೆ ಬೇಕೆಂದೇ ಡೋಲಿನ ಗತಿ ಏರಿಸಿದ. ತೊಕುಜಿ ಜಿಗಿದ, ಗಿರಗಿರನೆ ಸುತ್ತಿದ, ತಲೆ ಕೊಡವಿದ. ದವಡೆ ನೋವಿಗೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಮುಖವಾಡ ಒಂದಿಷ್ಟೂ ಅಲುಗಲಿಲ್ಲ. ಕೊನೆಗೆ ಕೈಸೋತ ಗಿಸುಕೆಯೇ ಡೋಲಿನ ಕೋಲು ಕೆಳಗಿಟ್ಟ.

ತೊಕುಜಿ ಮುಖವಾಡ ತೆಗೆದು, ಪ್ರತಿವರ್ಷದಂತೆ ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದಿ ತಾಯಿ ಕಿನುವಿನ ಮುಂದೆ ಮಂಡಿಯೂರಿದ. ಗೆದ್ದ ಖುಷಿಗೆ ಬಾಯಿ ತುಂಬ ನಕ್ಕ.

ಕಿನುವಿನ ಕೈಯಲ್ಲಿದ್ದ ಸಾರಿನ ಬಟ್ಟಲು ವಾಲಿ ಮಡಿಲೆಲ್ಲ ಒದ್ದೆಯಾಯಿತು. ಅವಳಿಗದರ ಪರಿವೆಯೇ ಇರಲಿಲ್ಲ. ಬೆರಳಿಂದ ಮಗನ ಸೊಟ್ಟ ಹಲ್ಲು ಮುಟ್ಟಿದಳು.

"ನಿಮ್ಮಪ್ಪಂದು! ಈ ಹಲ್ಲಿಗೆ ಮರುಳಾಗಿ ತಾನೇ ನಾನು ಈ ಬೆಟ್ಟ ಹತ್ತಿ ಬಂದಿದ್ದು!"

ತೊಕುಜಿ ನಾಚಿ ತುಟಿ ಮುಚ್ಚಹೋದ.

"ಬಾಯಿ ಮುಚ್ಬೇಡ ಕಣೋ," ಎಂದಳು ಕಿನು, "ಇನ್ನೂ ಸ್ವಲ್ಪ ಹೊತ್ತು ಹಾಗೇ ನಗ್ತಾ ಇರು."