ಕರಿಯನಿಗಾಗಿ ಹಚ್ಚಿದ ಮೇಣದಬತ್ತಿ

ಮೇಣದಬತ್ತಿಯ ಉರಿ ನನ್ನ ಜಡೆಗೆ ತಗುಲಬಹುದಿತ್ತು. ಚರ್ಚಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಕಳುವಾಗಬಹುದಿತ್ತು. ಸಂತ ಅಂತೋಣಿಯವರಿಗೆ ಕನ್ನಡ ಬಾರದಿರಬಹುದಿತ್ತು. ನಮ್ಮ ಮನೆಯ ಗಣಪತಿ ಮುನಿಸಿಕೊಂಡು ನನ್ನನ್ನು ಲೆಕ್ಕದಲ್ಲಿ ಫೇಲ್ ಮಾಡಬಹುದಿತ್ತು. ಎಂಟನೇ ವಯಸ್ಸಿಗೇ ನಾನು ಚಿಂತೆ ಮಾಡುವುದರಲ್ಲಿ ಪಳಗಿದ್ದೆ. ಈಗಲೂ ಕರೆಂಟು ಬಂದು ಮೇಣದಬತ್ತಿ ಆರಿಸಿದರೆ, ಆ ಹೊಗೆಯಲ್ಲಿ ಜಯನಗರದ ಆ ಮಂಗಳವಾರದ ಮಧ್ಯಾಹ್ನವೇ ಏಳುತ್ತದೆ.

ಅಪ್ಪನ ಆಫೀಸಿನ ಶೂ ಕಚ್ಚಿ ಹರಿದ ಮರುದಿನ ನನ್ನ ನಾಯಿಮರಿ ಕರಿಯ ಕಾಣೆಯಾಗಿತ್ತು. ಗೇಟು ತೆರೆದಿತ್ತು, ಓಡಿಹೋಯಿತು ಎಂದರು ಅಪ್ಪ. ನನ್ನ ಅಳು ನೋಡಲಾರದೆ ಪಕ್ಕದ ಮನೆಯ ಫಿಲೋಮಿನಾ ಆಂಟಿ ಚರ್ಚಿಗೆ ಕರೆದೊಯ್ದರು.

"ಅಂತೋಣಿಯಪ್ಪನವ್ರ ಪ್ರಾರ್ಥನೆ ಪುಸ್ತಕಾನೇ ಒಬ್ಬ ಎತ್ಕೊಂಡು ಹೋಗಿದ್ದ ಕಣಮ್ಮ. ಇವ್ರು ಬೇಡ್ಕೊಂಡ್ರು, ತಗೊಂಡೋನೇ ವಾಪಸ್ ತಂದ್ಕೊಟ್ಟ. ಅದಕ್ಕೇ ಏನೇ ಕಳೆದ್ರೂ ಇವ್ರನ್ನೇ ಕೇಳೋದು."

ಹೊರಡುವಾಗ ಅಮ್ಮ ಕೂಡ ಜಡೆ ಬಿಗಿದು, "ಚೆನ್ನಾಗಿ ಬೇಡ್ಕೊ ಪುಟ್ಟಿ" ಅಂದಿದ್ದಳು. ಬೇಡಿಕೊಂಡೆ. ಮೇಣ ಬೆರಳ ಮೇಲೆ ಬಿಸಿಯಾಗಿ ಇಳಿದು, ಎರಡನೇ ಚರ್ಮದಂತೆ ಗಟ್ಟಿಯಾಯಿತು.

ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಚಪ್ಪಲಿ ಕೂಡ ಬಿಟ್ಟಲ್ಲೇ ಇತ್ತು.

ಮನೆಗೆ ಬಂದಾಗ ಅಪ್ಪ ಸ್ಕೂಟರ್ ತೊಳೆಯುತ್ತಿದ್ದರು. "ಡಿಕ್ಕಿಯಿಂದ ಒರೆಸೋ ಬಟ್ಟೆ ಕೊಡು ಪುಟ್ಟಿ" ಅಂದರು. ಬಟ್ಟೆ ಎಳೆದೆ. ಅದರ ಜೊತೆ ಕರಿಯನ ಕೊರಳ ಕೆಂಪು ಬೆಲ್ಟೂ ಬಂತು, ಬಿಚ್ಚಿ ನೀಟಾಗಿ ಸುತ್ತಿಟ್ಟದ್ದು.

ಅಪ್ಪನ ಕೈಯಲ್ಲಿ ನೀರಿನ ಮಗ್ಗು ಹಾಗೇ ನಿಂತಿತು. ಬಾಗಿಲಲ್ಲಿದ್ದ ಅಮ್ಮ ಮೆಲ್ಲಗೆ ಅಂದಳು, "ಅದನ್ನೂ ಮಡಿವಾಳದ ಕೆರೆ ಹತ್ರಾನೇ ಬಿಟ್ಟು ಬನ್ನಿ ಅಂದಿದ್ನಲ್ರೀ."