ಗಿರಣಿಯ ಚಿಲಕ

ಹಿಟ್ಟಿನ ಗಿರಣಿಯ ಕಾದ ಕಲ್ಲಿನ ವಾಸನೆ ಬಂದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಮಸ್ಕಿಯಲ್ಲಿ ಅಪ್ಪನದೊಂದು ಗಿರಣಿಯಿತ್ತು. ಆ ಬೇಸಿಗೆಯಲ್ಲಿ ಅಪ್ಪ ಊಟ, ನಿದ್ದೆ, ಮಾತು ಎಲ್ಲ ಬಿಟ್ಟಿದ್ದ. ಒಂದು ಮಧ್ಯಾಹ್ನ ಗಿರಣಿಯ ಒಳಗಿನಿಂದ ಚಿಲಕ ಹಾಕಿಕೊಂಡ. ಕಾಳಿಲ್ಲದೆ ತಿರುಗುತ್ತಿದ್ದ ಕಲ್ಲುಗಳಿಂದ ಸುಟ್ಟ ವಾಸನೆ ಬರತೊಡಗಿತು. ಅವ್ವ ಬಾಗಿಲು ಬಡಿದಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ.

"ಗಂಡಸಾಗಿ ಹಿಂಗ್ಯಾಕ ಮಾಡ್ತಿ? ಮಂದಿ ನೋಡಾಕತ್ತಾರ, ಹೊರಗ ಬಾ" ಎಂದು ಅಜ್ಜ ಗದರಿದ. ಒಳಗೆ ಕಲ್ಲು ತಿರುಗುತ್ತಲೇ ಇತ್ತು.

ಎದುರಿನ ಸೈಕಲ್ ಅಂಗಡಿಯ ಮಹಬೂಬ್ ಕಾಕಾ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತ. ಓಣಿಯೆಲ್ಲ ಕೇಳುವಂತೆ ಹೇಳಿದ: "ಅಣ್ಣಾ, ನನಗೂ ಬದುಕೋದು ಬ್ಯಾಡ ಅನಿಸಿತ್ತು. ಲಿಂಗಸುಗೂರಿನಾಗ ಮನಸ್ಸಿನ ಡಾಕ್ಟರ್ ಹತ್ರ ಹೋದೆ. ಇನ್ನೂ ಗುಳಿಗಿ ತಗೊಳ್ಳಾಕತ್ತೀನಿ. ಮನ್ಯಾಗ ಸುದ್ದಾ ಹೇಳಿಲ್ಲ."

ಸ್ವಲ್ಪ ಹೊತ್ತಿಗೆ ಗಿರಣಿ ನಿಂತಿತು, ಚಿಲಕ ಸರಿಯಿತು. ಹಿಟ್ಟು ಮೆತ್ತಿದ ಅಪ್ಪನ ಮುಖದ ಮೇಲೆ ಕಣ್ಣೀರು ಗೆರೆ ಎಳೆದಿತ್ತು.

"ಡಾಕ್ಟರ್ ಹತ್ರ ಒಬ್ಬನ ಹೋಗಾಕ ಅಂಜಿಕಿ ಆಗ್ತದ" ಎಂದ.

"ಒಬ್ಬನ ಯಾಕ ಹೋಗ್ತಿ? ಇಬ್ರೂ ಹೋಗೋಣು, ನಡಿ."

ಕಾಕಾ ಅಂಗಡಿ ಮುಚ್ಚದೆಯೇ ಅಪ್ಪನ ಕೈ ಹಿಡಿದು ಬಸ್‌ ನಿಲ್ದಾಣದ ಕಡೆ ನಡೆದ. ಅಜ್ಜ ಹೋಗಿ, ಸಂಜೆಯವರೆಗೂ ಆ ಸೈಕಲ್ ಅಂಗಡಿ ಕಾಯುತ್ತ ಕುಳಿತ.